ಮೂರು ಊರಿನ ದೂರು, ಒಂದೇ ಹೊಳೆಯ ನೀರು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ.)



ಇವತ್ತು ಒಂದು ಫೋನ್ ಕರೆಯಿಂದ ಶುರು ಮಾಡ್ತೇನೆ. ಕಳೆದ ಬೇಸಗೆ, ಪತ್ತನಾಜೆಗೆ ಇನ್ನು ಹತ್ತು ದಿನ ಇರುವಾಗ, ನನ್ನ ದೊಡ್ಡಮ್ಮ ಫೋನ್ ಮಾಡಿದ್ರು. "ಮಗಾ, ನಳ್ಳಿಯಲ್ಲಿ ನೀರು ಬಾರದೆ ಮೂರು ದಿನ ಆಯ್ತು. ನೀನು ನ್ಯೂಸಿನವರ ಜೊತೆ ಇದ್ದೀಯಲ್ಲ, ಯಾರಿಗಾದ್ರೂ ಒಂದು ಹೇಳು." ದೊಡ್ಡಮ್ಮನ ಮನೆ ಬಂಟ್ವಾಳದಲ್ಲೋ, ಬೆಳ್ತಂಗಡಿಯಲ್ಲೋ, ಮೂಡುಬಿದಿರೆಯಲ್ಲೋ ಅಂತ ನಾನು ಹೇಳುವುದಿಲ್ಲ. ಹೇಳಿದ್ರೆ ಆ ಊರಿನವರಿಗೆ ಬೇಜಾರು, ಉಳಿದ ಎರಡು ಊರಿನವರು "ನಮ್ಮಲ್ಲಿ ಹಾಗಿಲ್ಲಪ್ಪ" ಅಂತ ಆರಾಮಾಗಿ ಕೂತ್ಕೊಳ್ತಾರೆ. ಅದು ಬೇಡ.

ನಾನು ನೀರಿನ ವಿಭಾಗಕ್ಕೆ ಫೋನ್ ಮಾಡಿದೆ. ತುಂಬ ಮರ್ಯಾದೆಯಿಂದಲೇ ಮಾತಾಡಿದ್ರು. "ನೀರು ಉಂಟು ಮಾರ್ರೆ, ಹೊಳೆಯಲ್ಲಿ ಉಂಟು. ಪಂಪಿಗೆ ಕರೆಂಟ್ ಇಲ್ಲ." ಸರಿ, ಕರೆಂಟಿನವರಿಗೆ ಮಾಡಿದೆ. "ನಿನ್ನೆ ಗಾಳಿಗೆ ಲೈನ್ ಮೇಲೆ ಮರ ಬಿದ್ದಿದೆ. ನಮ್ಮ ಹುಡುಗರು ಬೆಳಿಗ್ಗೆಯಿಂದ ಅಲ್ಲೇ ಇದ್ದಾರೆ. ಆದ್ರೆ ಮರ ದೊಡ್ಡದು, ಇನ್ನೂ ತೆಗೆದು ಆಗ್ಲಿಲ್ಲ." ಸಂಜೆ ಕರೆಂಟ್ ಬಂತು. ಮರುದಿನ ನಳ್ಳಿಯಲ್ಲಿ ನೀರೂ ಬಂತು. ಕೆಂಪು ನೀರು, ಜೊತೆಗೆ ಒಂದು ಥರ ವಾಸನೆ. ವಿಚಾರಿಸಿದ್ರೆ ರಸ್ತೆ ಕೆಲಸಕ್ಕೆ ಅಗೆಯುವಾಗ ಪೈಪಿಗೆ ಪೆಟ್ಟಾಗಿತ್ತು. ರಸ್ತೆ ಕೆಲಸದವರು "ಪೈಪ್ ಇರುವುದು ನಮ್ಮ ನಕ್ಷೆಯಲ್ಲೇ ಇಲ್ಲ" ಅಂದ್ರು. ದೊಡ್ಡಮ್ಮ "ಬೇಡ ಬಿಡು" ಅಂತ ಹಿತ್ತಲಿನ ಬಾವಿಯಿಂದ ನೀರು ಸೇದಿದ್ರು. ಆ ಬಾವಿಯಿಂದ ಎಂಟು ಹೆಜ್ಜೆ ಆಚೆ, ಕಂಪೌಂಡ್ ಗೋಡೆಯ ಆ ಕಡೆ, ಪಕ್ಕದ ಬಾಡಿಗೆ ಮನೆಗಳ ಶೌಚದ ಗುಂಡಿ ಉಂಟು.

ನಾನು ಮಾತಾಡಿದ ಯಾರೂ ಸುಳ್ಳು ಹೇಳ್ಲಿಲ್ಲ. ಎಲ್ಲರೂ ತಮ್ಮ ಪಾಲಿನ ಸತ್ಯ ಹೇಳಿ ಫೋನ್ ಇಟ್ರು. ದೊಡ್ಡಮ್ಮನಿಗೆ ಮಾತ್ರ ಐದು ದಿನ ಕುಡಿಯುವ ನೀರು ಸರಿಯಾಗಿ ಸಿಗ್ಲಿಲ್ಲ.

ನಾವು ನೀರಿನ ಸಮಸ್ಯೆ ಬೇರೆ, ಕರೆಂಟಿನ ಸಮಸ್ಯೆ ಬೇರೆ, ಚರಂಡಿ–ಕಸದ ಸಮಸ್ಯೆ ಬೇರೆ ಅಂತ ಎಣಿಸ್ತೇವೆ. ಕಚೇರಿಗಳೂ ಬೇರೆ ಬೇರೆಯೇ. ಆದ್ರೆ ನಮ್ಮ ಈ ಮೂರು ಪೇಟೆಗಳಲ್ಲಿ ಈ ಮೂರೂ ಒಂದಕ್ಕೊಂದು ಹೇಗೆ ಗಂಟು ಬಿದ್ದಿವೆ ಅಂತ ನೋಡದೆ ಒಂದನ್ನು ಮಾತ್ರ ಸರಿ ಮಾಡ್ಲಿಕ್ಕೆ ಹೋದ್ರೆ ಆಗುವುದಿಲ್ಲ. ಇವತ್ತು ಹೇಳ್ಲಿಕ್ಕೆ ಹೊರಟದ್ದು ಅದನ್ನೇ.

ಮೊದಲು ಯಾವ ಊರಿಗೆ ಯಾವ ನೀರು ಅಂತ ನೋಡುವ. ಕಾಲೇಜಿಗೆ ಹೋಗುವ ನಾಲ್ಕು ಮಂದಿಯನ್ನು ಕೇಳಿದೆ, "ನಿನ್ನ ಮನೆ ನಳ್ಳಿಗೆ ನೀರು ಎಲ್ಲಿಂದ ಬರ್ತದೆ?" ಒಬ್ಬ "ಟ್ಯಾಂಕಿಂದ" ಅಂದ. ತಪ್ಪೇನಲ್ಲ.

ಬೆಳ್ತಂಗಡಿ ಚಿಕ್ಕ ಪೇಟೆ, ಪಟ್ಟಣ ಪಂಚಾಯತ್, 11 ವಾರ್ಡ್. ಅಲ್ಲಿನ ಆಧಾರ ಸೋಮಾವತಿ ನದಿ. ಮೂಡುಬಿದಿರೆ ಪುರಸಭೆ, 23 ವಾರ್ಡ್. ಅಲ್ಲಿಗೆ ನೀರು ಬರುವುದು ಫಲ್ಗುಣಿ ನದಿಯಿಂದ, ಪುಚ್ಚೆಮೊಗರುವಿನ ಕಿಂಡಿ ಅಣೆಕಟ್ಟಿನಿಂದ. ಬಂಟ್ವಾಳವೂ ಪುರಸಭೆ, 27 ವಾರ್ಡ್. ಬಿ.ಸಿ.ರೋಡ್, ಪಾಣೆಮಂಗಳೂರು ಎಲ್ಲ ಸೇರಿ 2011ರ ಜನಗಣತಿಯಲ್ಲೇ ಸುಮಾರು 40 ಸಾವಿರ ಜನ. ಅವರಿಗೆ ನೇತ್ರಾವತಿ, ಜಕ್ರಿಬೆಟ್ಟುವಿನ ಜಾಕ್‌ವೆಲ್.

ಈಗ ಇದನ್ನು ನಕ್ಷೆಯಲ್ಲಿ ಒಂದರ ಕೆಳಗೆ ಒಂದು ಇಟ್ಟು ನೋಡಿ. ಸೋಮಾವತಿ ಹೋಗಿ ಸೇರುವುದು ನೇತ್ರಾವತಿಗೆ. ನೇತ್ರಾವತಿ ಧರ್ಮಸ್ಥಳ ದಾಟಿ ಉಪ್ಪಿನಂಗಡಿಗೆ ಬಂದಾಗ ಕುಮಾರಧಾರೆ ಸೇರ್ತದೆ. ಅಲ್ಲಿಂದ ಬಂಟ್ವಾಳ. ಬಂಟ್ವಾಳದ ಕೆಳಗೆ ತುಂಬೆ. ತುಂಬೆ ಇರುವುದೂ ಬಂಟ್ವಾಳ ತಾಲೂಕಿನಲ್ಲೇ, ಆದ್ರೆ ಅಲ್ಲಿನ ಕಿಂಡಿ ಅಣೆಕಟ್ಟಿನಿಂದ ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ನೀರು ಹೋಗುವುದು ಮಂಗಳೂರಿಗೆ. ಅಂದ್ರೆ ಬೆಳ್ತಂಗಡಿಯಲ್ಲಿ ಬಳಸಿ ತೋಡಿಗೆ ಬಿಟ್ಟ ನೀರಿನ ಒಂದು ಪಾಲು ಬಂಟ್ವಾಳದ ಪಂಪಿಗೆ ಬರ್ತದೆ. ಬಂಟ್ವಾಳದ ಚರಂಡಿಯದ್ದು ತುಂಬೆಗೆ ಹೋಗಿ, ಮಂಗಳೂರಿನ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಗೆ ಏರ್ತದೆ. ಆಚೆ ಫಲ್ಗುಣಿಯ ಕಥೆಯೂ ಬೇರೆಯಲ್ಲ. ವೇಣೂರಿನ ಗೊಮ್ಮಟನ ಪಕ್ಕ ಹರಿದು, ಪುಚ್ಚೆಮೊಗರುವಿನಲ್ಲಿ ಮೂಡುಬಿದಿರೆಗೆ ನೀರು ಕೊಟ್ಟು, ಕೆಳಗೆ ಮಳವೂರಿನಲ್ಲಿ ಇನ್ನೊಂದು ಕಿಂಡಿ ಅಣೆಕಟ್ಟಿಗೆ ಬರ್ತದೆ.

ಮಧ್ಯೆ ನದಿ ತನ್ನಷ್ಟಕ್ಕೆ ಒಂದಿಷ್ಟು ಸ್ವಚ್ಛ ಆಗ್ತದೆ, ಪ್ರತಿ ಊರಿನಲ್ಲೂ ಶುದ್ಧೀಕರಣ ಘಟಕ ಉಂಟು, ಹೌದು. ಮಳೆಗಾಲದಲ್ಲಿ ನೀರು ಧಾರಾಳ ಇರುವಾಗ ಕೊಳಕು ತೆಳ್ಳಗಾಗಿ ಸಮುದ್ರಕ್ಕೆ ಹೋಗ್ತದೆ. ಆದ್ರೆ ಮಾರ್ಚ್, ಏಪ್ರಿಲಿನಲ್ಲಿ? ಹೊಳೆ ಹರಿಯುವುದೇ ನಿಂತು, ಹಲಗೆ ಹಾಕಿದ ಅಣೆಕಟ್ಟಿನ ಹಿಂದೆ ನಿಂತ ನೀರು ಮಾತ್ರ ಉಳಿದಿರುವಾಗ ಒಳಗೆ ಬರುವ ಚರಂಡಿ ಅಷ್ಟೇ, ತೆಳ್ಳಗಾಗ್ಲಿಕ್ಕೆ ನೀರು ಕಡಿಮೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕರ್ನಾಟಕದ 17 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತು. ಅದರಲ್ಲಿ ನೇತ್ರಾವತಿಯೂ ಉಂಟು, ಕುಮಾರಧಾರೆಯೂ ಉಂಟು. ನಾವು ತೀರ್ಥ ಅಂತ ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳುವ ಎರಡು ನದಿಗಳು.

ಈಗ ಕರೆಂಟಿಗೆ ಬರುವ. ನೀರಿನ ಮಾತಿನ ಮಧ್ಯೆ ಕರೆಂಟ್ ಯಾಕೆ ಅಂತ ಕೇಳ್ಬಹುದು. ನಮ್ಮ ಊರುಗಳ ಆಕಾರ ನೋಡಿ. ನದಿ ಕೆಳಗೆ, ಪೇಟೆ ಗುಡ್ಡದ ಮೇಲೆ. ನೀರು ತಾನಾಗಿ ಹತ್ತಿ ಬರುವುದಿಲ್ಲ. 1,000 ಲೀಟರ್ ನೀರನ್ನು 100 ಮೀಟರ್ ಮೇಲಕ್ಕೆತ್ತಲಿಕ್ಕೆ, ಪಂಪಿನ ನಷ್ಟ, ಪೈಪಿನ ನಷ್ಟ ಎಲ್ಲ ಸೇರಿ, ಹೆಚ್ಚುಕಮ್ಮಿ ಅರ್ಧ ಯೂನಿಟ್ ಕರೆಂಟ್ ಬೇಕು. ಒಂದು ಮನೆಗೆ ಅದು ಏನೂ ಅಲ್ಲ. ಒಂದು ಪೇಟೆಗೆ ದಿನಕ್ಕೆ ಹತ್ತಿಪ್ಪತ್ತು ಲಕ್ಷ ಲೀಟರ್ ಎತ್ತುವಾಗ ಅದೇ ದೊಡ್ಡ ಬಿಲ್ಲು. ಸ್ಥಳೀಯ ಸಂಸ್ಥೆಗಳ ಖರ್ಚಿನಲ್ಲಿ ಪಂಪು ಮತ್ತು ಬೀದಿದೀಪದ ಕರೆಂಟ್ ಬಿಲ್ ಯಾವಾಗಲೂ ಭಾರವೇ.

ಬಿಲ್ಲಿಗಿಂತ ದೊಡ್ಡ ತೊಂದರೆ ಕರೆಂಟ್ ಹೋಗುವುದು. ಮೆಸ್ಕಾಂ ಶುರುವಾದದ್ದು 2002ರಲ್ಲಿ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ನಾಲ್ಕು ಜಿಲ್ಲೆ ಅವರದ್ದು. ನಾಲ್ಕರಲ್ಲೂ ಮರ, ಗುಡ್ಡ, ಮಳೆ. ಬಯಲುಸೀಮೆಯಲ್ಲಿ ಲೈನ್ ಎಳೆದ ಹಾಗೆ ಇಲ್ಲಿ ಆಗುವುದಿಲ್ಲ. ರಬ್ಬರ್ ತೋಟದ ಮೇಲೆ, ಅಡಿಕೆ ತೋಟದ ನಡುವೆ, ಕಾಡಿನ ಅಂಚಿನಲ್ಲಿ ತಂತಿ ಹೋಗ್ತದೆ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಒಂದು ಕೊಂಬೆ ಮುರಿದು 11 ಕೆ.ವಿ. ಲೈನಿಗೆ ತಾಗಿದ್ರೆ ಆ ಫೀಡರ್ ಪೂರ್ತಿ ಬಂದ್. ರಾತ್ರಿ ಹನ್ನೊಂದು ಗಂಟೆಗೆ, ಜಡಿಮಳೆಯಲ್ಲಿ, ಟಾರ್ಚ್ ಕಚ್ಚಿಕೊಂಡು ಕಂಬ ಹತ್ತುವ ಪವರ್‌ಮ್ಯಾನ್‌ಗಳನ್ನು ನೀವೂ ನೋಡಿರ್ತೀರಿ. ಅವರ ಮೇಲೆ ಕೂಗಾಡುವ ವಿಡಿಯೋ ವಾಟ್ಸಾಪಲ್ಲಿ ಬರ್ತದಲ್ಲ, ನನಗೆ ಅದನ್ನು ನೋಡ್ಲಿಕ್ಕೆ ಆಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಉಂಟು. ನಿಮ್ಮ ಊರಿನ ಜಾಕ್‌ವೆಲ್‌ಗೆ ಎಕ್ಸ್‌ಪ್ರೆಸ್ ಫೀಡರ್ ಉಂಟಾ? ಅಂದ್ರೆ, ಸಬ್‌ಸ್ಟೇಷನ್‌ನಿಂದ ನೇರ ಪಂಪಿಗೆ ಮಾತ್ರ ಅಂತ ಎಳೆದ ಪ್ರತ್ಯೇಕ ಲೈನ್. ಅದು ಇದ್ದರೆ, ಹಳ್ಳಿಯ ಯಾವುದೋ ತೋಟದಲ್ಲಿ ಕೊಂಬೆ ಬಿದ್ದದ್ದಕ್ಕೆ ಪೇಟೆಯ ನೀರು ನಿಲ್ಲುವುದಿಲ್ಲ. ಇಲ್ಲದಿದ್ದರೆ ದೊಡ್ಡ ಜನರೇಟರ್ ಉಂಟಾ? ಅದಕ್ಕೆ ಡೀಸೆಲ್ ಉಂಟಾ? ಕಳೆದ ಸಲ ಅದನ್ನು ಓಡಿಸಿ ನೋಡಿದ್ದು ಯಾವಾಗ? ಈ ಪ್ರಶ್ನೆ ಮೆಸ್ಕಾಂಗೂ ಅಲ್ಲ, ಪುರಸಭೆಗೂ ಅಲ್ಲ, ಇಬ್ಬರಿಗೂ ಒಟ್ಟಿಗೆ ಕೇಳ್ಬೇಕಾದದ್ದು. ಹಾಗಾಗಿ ಯಾರೂ ಕೇಳುವುದಿಲ್ಲ.

ಪಂಪ್ ನಿಂತರೆ ಇನ್ನೊಂದು ಆಗ್ತದೆ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ, ಯಾಕಂದ್ರೆ ಇದು ಹೊಟ್ಟೆಗೆ ಸಂಬಂಧಪಟ್ಟದ್ದು. ಪೈಪಿನೊಳಗೆ ನೀರು ಒತ್ತಡದಲ್ಲಿ ತುಂಬಿರುವಾಗ, ಎಲ್ಲಾದರೂ ಬಿರುಕು ಇದ್ರೆ ಒಳಗಿನ ನೀರು ಹೊರಗೆ ಸೋರ್ತದೆ. ನೀರು ಪೋಲು, ಆದ್ರೆ ಅಪಾಯ ಇಲ್ಲ. ಪಂಪ್ ನಿಂತು ಪೈಪ್ ಖಾಲಿಯಾಗುವಾಗ ಇದು ತಿರುಗ್ತದೆ. ಖಾಲಿ ಪೈಪ್ ಎಳೆಯುತ್ತದೆ, ಸ್ಟ್ರಾದಲ್ಲಿ ನಾವು ಎಳೆದ ಹಾಗೆ. ಬಿರುಕಿನ ಹೊರಗೆ ಏನಿದೆಯೋ ಅದು ಒಳಗೆ ಬರ್ತದೆ. ನಮ್ಮ ಪೇಟೆಗಳಲ್ಲಿ ಪೈಪ್ ಎಲ್ಲಿ ಹೋಗ್ತದೆ? ರಸ್ತೆ ಬದಿಯ ಚರಂಡಿಯ ಪಕ್ಕ, ಕೆಲವು ಕಡೆ ಚರಂಡಿಯ ಒಳಗೇ. ಮೂರು ಊರಲ್ಲೂ ರಾಷ್ಟ್ರೀಯ ಹೆದ್ದಾರಿ ಹಾದು ಹೋಗ್ತದೆ: ಬಿ.ಸಿ.ರೋಡಿನಲ್ಲಿ 75, ಬೆಳ್ತಂಗಡಿಯಲ್ಲಿ 73, ಮೂಡುಬಿದಿರೆಯಲ್ಲಿ 169. ರಸ್ತೆ ಅಗಲ ಮಾಡಿದಲ್ಲೆಲ್ಲ ಹಳೆ ಪೈಪ್ ಅಲುಗಿರ್ತದೆ.

ಅದಕ್ಕೇ ಎರಡು ದಿನ ಬಿಟ್ಟು ನೀರು ಬಂದಾಗ ಮೊದಲ ಎರಡು ಬಕೆಟ್ ಗಿಡಕ್ಕೆ ಹಾಕಿ. ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ. ಕುದಿಸುವುದು ಅಂದ್ರೆ ಬಿಸಿ ಮಾಡಿ ಇಳಿಸುವುದಲ್ಲ, ಗುಳ್ಳೆ ಬಂದು ಒಂದೆರಡು ನಿಮಿಷ ಕುದಿಯಬೇಕು. ಮಳೆಗಾಲದ ಶುರುವಿಗೆ ಹಾಸ್ಟೆಲುಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಕಾಮಾಲೆ, ವಾಂತಿಭೇದಿ ಸುದ್ದಿ ಬರ್ತದಲ್ಲ, ಮೂಡುಬಿದಿರೆಯಂಥ ಕಾಲೇಜು ಊರಿನಲ್ಲಿ ಓದುವವರಿಗೆ ನಾನು ವಿವರಿಸ್ಬೇಕಾಗಿಲ್ಲ.

ಮೂಡುಬಿದಿರೆ ಅಂದಾಗ ಇನ್ನೊಂದು ಮಾತು. ಯೋಜನೆ ಮಾಡುವಾಗ ಲೆಕ್ಕ ಶುರುವಾಗುವುದು ಜನಗಣತಿಯಿಂದ. 2011ರಲ್ಲಿ ಆ ಊರಿನ ಜನಸಂಖ್ಯೆ 30 ಸಾವಿರದ ಒಳಗೆ. ಜನಗಣತಿಯವರು ಬಂದು ಹೋದ ಮೇಲೆ ಎಷ್ಟು ಹಾಸ್ಟೆಲ್ ಎದ್ದವು, ಎಷ್ಟು ಮಂದಿ ಓದಲಿಕ್ಕೆ ಬಂದ್ರು ಅಂತ ಅಲ್ಲಿ ಒಂದು ಸುತ್ತು ಹಾಕಿದವರಿಗೆ ಗೊತ್ತು. ನೀರು ಕುಡಿಯುವವರು ಅವರೂ ಹೌದು, ಶೌಚಾಲಯ ಬಳಸುವವರು ಅವರೂ ಹೌದು. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಅಂತ ಹಿಂದಿನವರು ಹೆಮ್ಮೆಯಿಂದ ಎಣಿಸುತ್ತಿದ್ದ ಊರು ಅದು. ಬಸದಿಗಳನ್ನು ನೋಡ್ಲಿಕ್ಕೆ ಪ್ರವಾಸಿಗಳು ಬರ್ತಾರೆ, ಸಾವಿರ ಕಂಬದ ಬಸದಿ 1430ರದ್ದು. ಕೆರೆಗಳಲ್ಲಿ ಎಷ್ಟರ ಹೆಸರು ನಿಮಗೆ ಗೊತ್ತು? ಕಡಲಕೆರೆ ಅಂತ ಒಂದು ಹೇಳ್ತೀರಿ. ಆಮೇಲೆ?

ಸರಿ, ಈಗ ಯಾರೂ ಮಾತಾಡ್ಲಿಕ್ಕೆ ಇಷ್ಟಪಡದ ವಿಷಯ. ಫ್ಲಶ್ ಮಾಡಿದ ಮೇಲೆ ಅದು ಎಲ್ಲಿಗೆ ಹೋಗ್ತದೆ?

ದೊಡ್ಡ ನಗರದಲ್ಲಿ ಒಳಚರಂಡಿ ಅಂತ ಇರ್ತದೆ. ನಮ್ಮ ಚಿಕ್ಕ ಪೇಟೆಗಳ ಹೆಚ್ಚಿನ ಮನೆಗಳಲ್ಲಿ ಇರುವುದು ಗುಂಡಿ. ಸರಕಾರದ ಲೆಕ್ಕದಲ್ಲೂ ಈ ವ್ಯತ್ಯಾಸ ಉಂಟು: ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಇಲ್ಲದ ಪೇಟೆಗೆ 70 ಲೀಟರ್. ಕೊಳವೆಯಲ್ಲಿ ಕೊಂಡೊಯ್ಯುವ ವ್ಯವಸ್ಥೆ ಇಲ್ಲದಿದ್ದರೆ ಹೆಚ್ಚು ನೀರು ಕೊಟ್ಟು ಪ್ರಯೋಜನ ಇಲ್ಲ ಅನ್ನುವ ಲೆಕ್ಕ. ಹಾಗಾಗಿ "ನಮಗೆ ಯಾಕೆ ನೀರು ಕಡಿಮೆ" ಅನ್ನುವ ಪ್ರಶ್ನೆಯ ಉತ್ತರದ ಅರ್ಧ ನಿಮ್ಮ ಹಿತ್ತಲಿನ ಗುಂಡಿಯಲ್ಲೇ ಉಂಟು.

ಸೆಪ್ಟಿಕ್ ಟ್ಯಾಂಕ್ ಅಂತ ನಾವು ಬಾಯಲ್ಲಿ ಹೇಳ್ತೇವೆ. ನಿಜವಾದ ಸೆಪ್ಟಿಕ್ ಟ್ಯಾಂಕ್ ಅಂದ್ರೆ ತಳ, ಗೋಡೆ ಎಲ್ಲ ಕಾಂಕ್ರೀಟ್ ಮಾಡಿ ಸೋರದ ಹಾಗೆ ಕಟ್ಟಿದ್ದು. ನಮ್ಮಲ್ಲಿ ಹೆಚ್ಚಿನವು ಮುರಕಲ್ಲು ಅಗೆದು, ಸುತ್ತ ರಿಂಗ್ ಇಳಿಸಿ, ಮೇಲೆ ಸ್ಲ್ಯಾಬ್ ಹಾಕಿದ ಇಂಗುಗುಂಡಿಗಳು. ಮುರಕಲ್ಲನ್ನು ಹತ್ತಿರದಿಂದ ನೋಡಿ, ತುಂಬಾ ತೂತು. ಒಂದು ಚೊಂಬು ನೀರು ಹೊಯ್ದರೆ ಕುಡಿದು ಬಿಡ್ತದೆ. "ನಮ್ಮ ಗುಂಡಿ ಇಪ್ಪತ್ತು ವರ್ಷ ಆಯ್ತು, ಇನ್ನೂ ತುಂಬ್ಲಿಲ್ಲ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ತುಂಬಲಿಲ್ಲ ಅಂದ್ರೆ ಎಲ್ಲಿಗೋ ಹೋಗ್ತಾ ಉಂಟು ಅಂತ ಅರ್ಥ ಮಾರ್ರೆ.

ಒಂದು ಚಿಕ್ಕ ಲೆಕ್ಕ. ಬಾವಿಗೂ ಇಂಗುಗುಂಡಿಗೂ ಮಧ್ಯೆ ಕನಿಷ್ಠ 10ರಿಂದ 15 ಮೀಟರ್ ಇರ್ಬೇಕು ಅಂತ ಸಾಮಾನ್ಯವಾಗಿ ಹೇಳುವುದು. ತೂತು ತೂತಾದ ಮುರಕಲ್ಲಿನ ನೆಲದಲ್ಲಿ ಅದೂ ಸಾಲದು. ಪೇಟೆಯಲ್ಲಿ ಈಗ ಮನೆ ಕಟ್ಟುವುದು ಐದು ಸೆಂಟ್ಸಿನಲ್ಲಿ. ಐದು ಸೆಂಟ್ಸ್ ಅಂದ್ರೆ ಸುಮಾರು 200 ಚದರ ಮೀಟರ್, ಚೌಕವಾಗಿ ಇದ್ದರೆ ಪ್ರತಿ ಬದಿ 14 ಮೀಟರ್. ಒಂದು ಮೂಲೆಗೆ ಬಾವಿ, ಎದುರು ಮೂಲೆಗೆ ಗುಂಡಿ ಇಟ್ಟರೆ ನಿಮ್ಮದು ನಿಮಗೆ ದೂರ ಆಯ್ತು. ಆದ್ರೆ ನಿಮ್ಮ ಬಾವಿ ಇರುವ ಮೂಲೆಯಲ್ಲೇ, ಗೋಡೆಯ ಆಚೆ, ಪಕ್ಕದವರೂ ಅದೇ ಯೋಚನೆಯಲ್ಲಿ ತಮ್ಮ ಗುಂಡಿ ಇಟ್ಟಿರ್ತಾರೆ! ಐದೈದು ಸೆಂಟ್ಸಿನ ಸಾಲಿನಲ್ಲಿ ಹತ್ತು ಮನೆ, ಹತ್ತು ಬಾವಿ, ಹತ್ತು ಗುಂಡಿ ಇದ್ದರೆ ಯಾರ ಬಾವಿಯೂ ಯಾರ ಗುಂಡಿಯಿಂದಲೂ ಸಾಕಷ್ಟು ದೂರ ಇರುವುದು ಸಾಧ್ಯವೇ ಇಲ್ಲ. ಇದು ಯಾರೊಬ್ಬರ ತಪ್ಪಲ್ಲ, ರೇಖಾಗಣಿತ. ದೊಡ್ಡಮ್ಮನ ಬಾವಿಯ ಎಂಟು ಹೆಜ್ಜೆಯ ಕಥೆಯೂ ಇದೇ.

ಗುಂಡಿ ತುಂಬಿದವರು ಸಕ್ಕಿಂಗ್ ಮಷಿನ್ ಕರೆಸ್ತಾರೆ. ಒಳ್ಳೆಯದೇ. ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ, ಅದನ್ನು ಯಾರಿಗೂ ಹೇಳಿಸಿಕೊಳ್ಳುವ ಹಾಗೆ ಮಾಡ್ಬೇಡಿ. ಆದ್ರೆ ಆ ಟ್ಯಾಂಕರ್ ತುಂಬಿಸಿಕೊಂಡು ಹೋದದ್ದನ್ನು ಎಲ್ಲಿ ಖಾಲಿ ಮಾಡ್ತದೆ ಅಂತ ನೀವು ಯಾವತ್ತಾದ್ರೂ ಕೇಳಿದ್ದೀರಾ? ದೇವನಹಳ್ಳಿ ಗೊತ್ತಲ್ಲ, ಬೆಂಗಳೂರು ವಿಮಾನ ನಿಲ್ದಾಣದ ಊರು. ಅದೂ ಪುರಸಭೆಯ ಊರು. ಅಲ್ಲಿ 2015ರಲ್ಲೇ ಇಂಥ ಗುಂಡಿಗಳ ಕೆಸರನ್ನು ತಂದು ಸಂಸ್ಕರಿಸುವ ಘಟಕ ಮಾಡಿದ್ರು. ನೆಲ ಅಗೆದು ಮನೆಮನೆಗೆ ಒಳಚರಂಡಿ ಕೊಳವೆ ಹಾಕ್ಲಿಕ್ಕೆ ಬೇಕಾಗುವ ದುಡ್ಡಿನ ಎದುರು ಇದು ಚಿಲ್ಲರೆ ಖರ್ಚು. ಗುಡ್ಡ, ತಗ್ಗು, ಅಡಿಗೆ ಕಲ್ಲು ಇರುವ ನಮ್ಮಂಥ ಊರಿಗೆ ಒಳಚರಂಡಿ ಬರುವ ತನಕ ಕಾಯುವುದಕ್ಕಿಂತ ಇದು ಮೊದಲು ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಇರಬಹುದು.

ಕಸದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೇನೆ, ಅದಕ್ಕೆ ಬೇರೆಯೇ ಸಂಚಿಕೆ ಬೇಕು. ಬಂಟ್ವಾಳ ಪುರಸಭೆಯ ಕಸಕ್ಕೆ ಗುರುತಾದ ಜಾಗ ಸಜಿಪನಡುವಿನ ಕಂಚಿನಡ್ಕಪದವು. ಮೂಡುಬಿದಿರೆಯದ್ದು ಕರಿಂಜೆ. ಪೇಟೆಯ ಕಸ ಹಳ್ಳಿಯ ಗುಡ್ಡದ ನೆತ್ತಿಗೆ. ಕಂಚಿನಡ್ಕಪದವಿನ ಸುತ್ತಲಿನವರು ಬೇಡ ಅಂತ ವರ್ಷಗಟ್ಟಲೆ ಹೇಳ್ತಾ ಬಂದರು, ಪೇಟೆಯ ನಮಗೆ ಅದು ಅವರ ಹಟ ಅಂತ ಕಂಡಿತು. ಆದ್ರೆ ಪದವು ಅಂದ್ರೆ ಏನು? ಮಳೆನೀರು ಇಂಗಿ ಕೆಳಗಿನ ಬಾವಿಗಳಿಗೆ ಇಳಿಯುವ ಜಾಗ. ಅದರ ಮೇಲೆ ಹಸಿಕಸ, ಒಣಕಸ ಒಟ್ಟಿಗೆ ಸುರಿದು, ಮೇಲಿಂದ ಮಳೆ ಬಿದ್ದರೆ ಇಳಿಯುವುದು ಏನು ಅಂತ ಕೆಳಗಿನ ಮನೆಯವರಿಗೆ ಗೊತ್ತಾಗ್ತದೆ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಮಂದಾರ ಪ್ರದೇಶದ ಮನೆ, ತೋಟಗಳ ಮೇಲೆ ಬಂತಲ್ಲ. ಅದನ್ನು ನೋಡಿದ ಮೇಲೂ ಹಸಿಕಸ–ಒಣಕಸ ಬೇರೆ ಮಾಡ್ಲಿಕ್ಕೆ ನಮಗೆ ಉದಾಸೀನ. 2016ರ ನಿಯಮದಲ್ಲೇ ಅದು ಕಡ್ಡಾಯ, ಪುರಸಭೆಯವರು ದಯಮಾಡಿ ಅಂತ ಕೇಳುವ ವಿಷಯ ಅಲ್ಲ.

ಮಳೆ ಅಂದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್ ಅಂತ ಪ್ರತಿ ಜುಲೈಯಲ್ಲಿ ನ್ಯೂಸಲ್ಲಿ ಓದ್ತೇವೆ. 1923ರ ಮಾರಿ ಬೊಳ್ಳದ ಕಥೆ ಹೇಳುವ ಅಜ್ಜಿಯಂದಿರು ಈಗ ಇಲ್ಲ, 1974ರ ನೆರೆ ನೆನಪಿರುವವರು ಇದ್ದಾರೆ, 2019ರದ್ದು ನೀವೇ ನೋಡಿದ್ದೀರಿ. ಅದೇ ವರ್ಷ, ಆ ನೆರೆಗೆ ಮೂರು ತಿಂಗಳ ಮೊದಲು, ತುಂಬೆಯಲ್ಲಿ ನೀರು ಸಾಲದೆ ಮಂಗಳೂರಿಗೆ ಸರದಿ ಮೇಲೆ ನೀರು ಬಿಟ್ಟಿದ್ರು. ಮೇಲೆ ಶಂಭೂರಿನ ಎ.ಎಂ.ಆರ್. ವಿದ್ಯುತ್ ಯೋಜನೆಯ ಅಣೆಕಟ್ಟಿನಿಂದ ನೀರು ಬಿಡಿಸಿಕೊಂಡದ್ದೂ ಉಂಟು, ಬಿಗಿಯಾದ ಬೇಸಗೆಗಳಲ್ಲಿ ನದಿಯಿಂದ ತೋಟಕ್ಕೆ ಪಂಪ್ ಹಚ್ಚಬಾರದು ಅಂತ ಮೇಲ್ಭಾಗದ ಕೃಷಿಕರಿಗೆ ನಿರ್ಬಂಧ ಬಂದದ್ದೂ ಉಂಟು. ನೋಡಿ, ಮತ್ತೆ ನೀರೂ ಕರೆಂಟೂ ಒಂದೇ ಗಂಟು. ಕೆಳಗಿನ ನಗರಕ್ಕೆ ಕುಡಿಯುವ ನೀರು ಬೇಕಾದಾಗ ಮೇಲಿನವರ ಅಡಿಕೆ ಒಣಗಬೇಕು. ತುಂಬೆಯ ಹೊಸ ಅಣೆಕಟ್ಟಿನ ನೀರಿನ ಮಟ್ಟ ಏರಿಸಿದಾಗ ಬಂಟ್ವಾಳ ತಾಲೂಕಿನ ಕೃಷಿಕರ ಜಾಗ ಮುಳುಗಿತು, ಪರಿಹಾರಕ್ಕೆ ಅವರು ಅಲೆದರು. ಮಂಗಳೂರಿನಲ್ಲಿ ಕೂತು ಶವರ್ ಬಿಡುವ ನನ್ನ ಸ್ನೇಹಿತರು ಇದನ್ನು ಒಮ್ಮೆ ಕೇಳಿಸಿಕೊಳ್ಳಿ ಅಂತ ಬೇಕಂತಲೇ ಹೇಳ್ತಾ ಇದ್ದೇನೆ.

ಇನ್ನೊಂದು ಲೆಕ್ಕ ಕೊಡ್ತೇನೆ, ಬೇಕಿದ್ರೆ ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಸಾವಿರ ಚದರಡಿಯ ತಾರಸಿ, ಅಂದ್ರೆ 93 ಚದರ ಮೀಟರ್. ಅದರ ಮೇಲೆ ನಾಲ್ಕು ಮೀಟರ್ ಮಳೆ. ಒಟ್ಟು ಮೂರೂವರೆ ಲಕ್ಷ ಲೀಟರಿಗಿಂತ ಹೆಚ್ಚು. ನಾಲ್ಕು ಮಂದಿಯ ಮನೆಗೆ ತಲೆಗೆ 70 ಲೀಟರಿನಂತೆ ಇಡೀ ವರ್ಷಕ್ಕೆ ಬೇಕಾದದ್ದು ಒಂದು ಲಕ್ಷ ಚಿಲ್ಲರೆ. ಮೂರು ಪಟ್ಟು ನೀರು ನಮ್ಮ ತಲೆ ಮೇಲೆಯೇ ಬಿದ್ದು, ಅಂಗಳದ ಇಂಟರ್‌ಲಾಕ್ ಮೇಲೆ ಜಾರಿ, ಚರಂಡಿಗೆ ಹೋಗಿ, ಅಲ್ಲಿಂದ ಗುಂಡಿಗಳ ಕೊಳಕನ್ನೂ ಎಬ್ಬಿಸಿಕೊಂಡು ಹೊಳೆಗೆ ಹೋಗ್ತದೆ. ಅಷ್ಟನ್ನೂ ಹಿಡಿದಿಡುವ ಟ್ಯಾಂಕ್ ಯಾರ ಮನೆಯಲ್ಲೂ ಇಲ್ಲ, ಗೊತ್ತು. ಆದ್ರೆ ತಾರಸಿಯ ಪೈಪನ್ನು ಜಲ್ಲಿ, ಮರಳು, ಇದ್ದಿಲು ತುಂಬಿದ ಒಂದು ಡ್ರಮ್ ದಾಟಿಸಿ ಬಾವಿಗೆ ಬಿಡ್ಲಿಕ್ಕೆ ದೊಡ್ಡ ವಿದ್ಯೆ ಬೇಡ. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಬೇಕು ಅಷ್ಟೇ, ತಾರಸಿ ತೊಳೆಯಲಿ ಅಂತ.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಇದ್ದಾರಲ್ಲ, 2022ರಲ್ಲಿ ಪದ್ಮಶ್ರೀ ಬಂದವರು. ಒಣ ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಐದು ಸುರಂಗದಲ್ಲಿ ನೀರು ಸಿಗಲಿಲ್ಲ, ಆರನೆಯದರಲ್ಲಿ ಸಿಕ್ಕಿತು. ಪಂಪ್ ಇಲ್ಲ, ಕರೆಂಟ್ ಇಲ್ಲ, ಗುಡ್ಡದ ಹೊಟ್ಟೆಯಿಂದ ನೀರು ತಾನಾಗಿ ಇಳಿದು ತೋಟಕ್ಕೆ ಬರ್ತದೆ. ಎಲ್ಲರೂ ಸುರಂಗ ಕೊರೆಯಿರಿ ಅಂತ ನಾನು ಹೇಳ್ತಾ ಇಲ್ಲ, ಐದು ಸೆಂಟ್ಸಿನಲ್ಲಿ ಕೊರೆದ್ರೆ ಪಕ್ಕದವರ ಅಡುಗೆಮನೆಯಲ್ಲಿ ಏಳ್ತೀರಿ! ಆದ್ರೆ ಆ ಸುರಂಗಕ್ಕೆ ನೀರು ಕೊಡುವುದು ಮೇಲಿನ ಗುಡ್ಡ. ಗುಡ್ಡ ಸಮತಟ್ಟು ಮಾಡಿ ಲೇಔಟ್ ಮಾಡಿದಲ್ಲಿ, ಕಸ ಸುರಿದಲ್ಲಿ, ಆ ನೀರು ಇಲ್ಲ.

ಈಗ ನಿಮ್ಮ ಕೈಯಲ್ಲಿ ಫೋನ್ ಉಂಟು. ಏನು ಮಾಡ್ಬಹುದು?

ತಂತಿ ತುಂಡಾಗಿ ಬಿದ್ದಿದೆ, ಕರೆಂಟ್ ಹೋಗಿದೆ ಅಂದ್ರೆ 1912, ಮೆಸ್ಕಾಂ. ಬಿದ್ದ ತಂತಿಯ ಹತ್ತಿರ ವಿಡಿಯೋ ಮಾಡ್ಲಿಕ್ಕೆ ಹೋಗ್ಬೇಡಿ, ನೆಲ ಒದ್ದೆ ಇದ್ರೆ ಮುಟ್ಟದೆಯೂ ಶಾಕ್ ಹೊಡೀತದೆ. ಹತ್ತಿರದ ಕಂಬದ ನಂಬರ್ ದೂರದಿಂದಲೇ ಓದಿ ಹೇಳಿ. ಬೀದಿದೀಪ ಉರಿಯುವುದಿಲ್ಲ ಅಂದ್ರೆ ಅದು ಮೆಸ್ಕಾಂ ಅಲ್ಲ, ಪುರಸಭೆ ಅಥವಾ ಪಟ್ಟಣ ಪಂಚಾಯತ್. ಅರ್ಧ ದೂರುಗಳು ಇಲ್ಲೇ ದಾರಿ ತಪ್ಪುವುದು. ಪುರಸಭೆಯ ದೂರಿಗೆ ಜನಹಿತ ಆ್ಯಪ್ ಉಂಟು. ಗುಂಡಿ ಸ್ವಚ್ಛ ಮಾಡಿಸ್ಲಿಕ್ಕೆ 14420. ಎಲ್ಲಿಗೆ ಹೇಳಿದ್ರೂ ಆಗ್ಲಿಲ್ಲ ಅಂದ್ರೆ ರಾಜ್ಯ ಸರಕಾರದ 1902. ಬಾಯಿಮಾತಲ್ಲಿ ಹೇಳಿ ಬಿಡಬೇಡಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಸಂಖ್ಯೆ ಇಲ್ಲದ ದೂರು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಇದೆಲ್ಲ ಇವತ್ತಿನ ತೊಂದರೆಗೆ. ಬೇರಿಗೆ ಕೈ ಹಾಕ್ಬೇಕು ಅಂದ್ರೆ ಇನ್ನೊಂದು ದಾರಿ ಉಂಟು, ಅದಕ್ಕೆ ಖರ್ಚು 10 ರೂಪಾಯಿ. ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆ, 30 ದಿನದೊಳಗೆ ಉತ್ತರ ಕೊಡ್ಬೇಕು. "ನೀರು ಯಾಕೆ ಕೊಳಕು" ಅಂತ ಕೇಳಿದ್ರೆ ಉತ್ತರ ಬರುವುದಿಲ್ಲ, ಕಡತದಲ್ಲಿ ಇರುವುದನ್ನು ಕೇಳ್ಬೇಕು. ಕಳೆದ 12 ತಿಂಗಳಲ್ಲಿ ನಮ್ಮ ವಾರ್ಡಿನ ನಳ್ಳಿಯ ನೀರನ್ನು ಎಷ್ಟು ಸಲ ಪರೀಕ್ಷೆ ಮಾಡಿದ್ದೀರಿ, ವರದಿಯ ಪ್ರತಿ ಕೊಡಿ. ಗಮನಿಸಿ, ಟ್ಯಾಂಕಿನ ನೀರಿನದ್ದಲ್ಲ, ನಳ್ಳಿಯದ್ದು. ಕೊನೆಯ ಮನೆಯ ನಳ್ಳಿಯಲ್ಲಿ ಉಳಿಕೆ ಕ್ಲೋರಿನ್ ಎಷ್ಟಿತ್ತು? ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರ್ಬೇಕು, ಮತ್ತು 100 ಮಿಲಿಲೀಟರ್ ನೀರಿನಲ್ಲಿ ಇ-ಕೊಲಿ ಒಂದೂ ಕಾಣಬಾರದು. ಪಂಪ್‌ಹೌಸ್‌ನಲ್ಲಿ ಕಳೆದ ಒಂದು ವರ್ಷದಲ್ಲಿ ಕರೆಂಟ್ ಹೋಗಿ ಪಂಪ್ ನಿಂತ ಗಂಟೆಗಳು ಎಷ್ಟು, ಲಾಗ್ ಪುಸ್ತಕದ ಪ್ರತಿ ಕೊಡಿ. ಮಲತ್ಯಾಜ್ಯದ ಟ್ಯಾಂಕರ್‌ಗಳು ಎಲ್ಲಿ ಖಾಲಿ ಮಾಡ್ತವೆ, ಯಾವ ಜಾಗಕ್ಕೆ ಅನುಮತಿ ಕೊಟ್ಟಿದ್ದೀರಿ. ಈ ನಾಲ್ಕೂ ಪ್ರಶ್ನೆ ಒಂದೇ ಅರ್ಜಿಯಲ್ಲಿ ಹೋಗ್ಲಿ. ಆಗ ನೀರಿನ ವಿಭಾಗ, ಆರೋಗ್ಯ ವಿಭಾಗ, ಕರೆಂಟಿನ ಲೆಕ್ಕ, ಮೂರನ್ನೂ ಒಬ್ಬರೇ ಅಧಿಕಾರಿ ಒಂದು ಮೇಜಿನ ಮೇಲೆ ಇಟ್ಟು ನೋಡ್ಬೇಕಾಗ್ತದೆ. ನನ್ನ ಉದ್ದೇಶವೂ ಅದೇ.

ಬಾವಿ ನೀರು ಕುಡಿಯುವವರು ಇದಕ್ಕೆಲ್ಲ ಕಾಯ್ಬೇಡಿ. ಎಚ್‌2ಎಸ್ ಬಾಟಲಿ ಅಂತ ಒಂದು ಚಿಕ್ಕ ಪರೀಕ್ಷಾ ಬಾಟಲಿ ಸಿಗ್ತದೆ. ಅದರಲ್ಲಿ ಬಾವಿಯ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಡಿ. ಕಪ್ಪಾದ್ರೆ ಆ ನೀರಿಗೆ ಮಲದ ಕೊಳಕು ಸೇರಿರುವ ಸಂಶಯ ಉಂಟು, ಕುದಿಸದೆ ಕುಡಿಯಬಾರದು, ಪ್ರಯೋಗಾಲಯಕ್ಕೆ ಕೊಟ್ಟು ನೋಡ್ಬೇಕು. ಮಳೆ ಶುರುವಾಗಿ ಒಂದು ವಾರದ ಮೇಲೆ ಮಾಡಿ, ಮುರಕಲ್ಲು ಕುಡಿದದ್ದೆಲ್ಲ ಬಾವಿಗೆ ಇಳಿಯುವ ಹೊತ್ತು ಅದು.

ದೊಡ್ಡಮ್ಮನ ಬಾವಿಯ ನೀರನ್ನು ನಾನು ಹಾಗೆ ಇಟ್ಟು ನೋಡಿದೆ. ಮರುದಿನ ಸಂಜೆಗೆ ಕಪ್ಪಾಯ್ತು. ತೋರಿಸಿದಾಗ ಅವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಲವತ್ತು ವರ್ಷದಿಂದ ಇದನ್ನೇ ಕುಡೀತಾ ಇದ್ದೇವಲ್ಲ ಮಗಾ" ಅಂದ್ರು. ಪಕ್ಕದ ಬಾಡಿಗೆ ಮನೆಗಳು ಬಂದು ಆರು ವರ್ಷ ಆಯ್ತು ಅಂತ ನೆನಪಿಸಿದೆ. ಈಗ ಅವರಲ್ಲಿ ದಿನಾ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ನೀರು ಕುದೀತದೆ. ಪಕ್ಕದ ಮನೆಯ ಯಜಮಾನರ ಹತ್ತಿರ ಗುಂಡಿಯ ವಿಷಯ ಮಾತಾಡ್ಲಿಕ್ಕೆ ಇನ್ನೂ ಅವರಿಗೆ ಸಂಕೋಚ. "ಒಳ್ಳೆ ಜನ, ಹೇಗೆ ಹೇಳುವುದು" ಅಂತಾರೆ. ಆದಿತ್ಯವಾರ ನಾನೇ ಹೋಗಿ ಬಾಟಲಿ ತೋರಿಸಿ ಮಾತಾಡುವ ಅಂತ ಇದ್ದೇನೆ.

ಆ ನಾಲ್ಕು ಪ್ರಶ್ನೆಯ ಅರ್ಜಿಯನ್ನು ಮೂರು ಊರಿಗೂ ನಾನು ಈ ವಾರ ಅಂಚೆಗೆ ಹಾಕ್ತೇನೆ. ಉತ್ತರ ಬಂದ ಹಾಗೆ, ಬಂದದ್ದನ್ನು ಬಂದ ಹಾಗೇ ಇಲ್ಲಿ ಓದಿ ಹೇಳ್ತೇನೆ. ಬರದಿದ್ರೆ ಅದನ್ನೂ ಹೇಳ್ತೇನೆ.